ಹತ್ತು ನಿಮಿಷದ ನಡಿಗೆ ಎಲ್ಲಿಯವರೆಗೆ? ಕ್ಯೂಜಿಐಎಸ್‌ನಲ್ಲಿ ಹೀಗೆ ಗುರುತಿಸಿ

ಮೆಟ್ರೋ ನಿಲ್ದಾಣವನ್ನು ನಡುವೆ ಇಟ್ಟು 800 ಮೀಟರಿನ ವೃತ್ತ ಎಳೆದು, ‘ಇಷ್ಟೂ ಮನೆಗಳಿಗೆ ಹತ್ತು ನಿಮಿಷದ ನಡಿಗೆ’ ಅಂತ ಬರೆದುಬಿಡುವವರನ್ನು ತುಂಬಾ ನೋಡಿದ್ದೇನೆ. ಬೆಂಗಳೂರಿನ ಲಾಲ್‌ಬಾಗ್ ನಿಲ್ದಾಣಕ್ಕೆ ಹಾಗೆ ಮಾಡಿದರೆ, ಪೂರ್ವದ ಅರ್ಧದಲ್ಲಿ ಬಹುಪಾಲು ತೋಟದೊಳಗೇ ಬೀಳುತ್ತದೆ. ಅಲ್ಲಿರುವುದು ಮರಗಳು, ಮನೆಗಳಲ್ಲ. ಕಾಂಪೌಂಡ್ ಹಾರಿ ಯಾರೂ ಬರುವುದಿಲ್ಲ, ಅಲ್ವಾ?

ದೂರವನ್ನು ರಸ್ತೆಗಳ ಮೇಲೇ ಅಳೆಯಬೇಕು. ಅದಕ್ಕೆ ಕ್ಯೂಜಿಐಎಸ್ ಸಾಕು: ನಕ್ಷೆ ಮಾಡುವ ಈ ಸಾಫ್ಟ್‌ವೇರ್ ಉಚಿತ. ಇದೊಂದು ಕೆಲಸಕ್ಕೆ ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳಬೇಡಿ. ಅದಕ್ಕೆ ಕ್ವಿಕ್‌ಒಎಸ್‌ಎಂ ಎಂಬ ಪ್ಲಗಿನ್ (ಸೇರಿಸಿಕೊಳ್ಳುವ ಚಿಕ್ಕ ಸಾಧನ) ಹಾಕಿಕೊಂಡು, ‘ಹೈವೇ’ ಅಂತ ಕೊಟ್ಟು, ಜನರೇ ಸೇರಿ ಮಾಡುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಸುತ್ತಲಿನ ರಸ್ತೆಗಳನ್ನು ತನ್ನಿ. ಹೆಸರು ಹೈವೇ ಆದರೂ ಗಲ್ಲಿ, ಮೆಟ್ಟಿಲು, ಕಾಲುದಾರಿ ಎಲ್ಲ ಅದರಲ್ಲೇ ಬರುತ್ತವೆ. ಆ ರಸ್ತೆ ಗೆರೆಗಳ ಲೇಯರನ್ನು (ಪದರವನ್ನು) ಇಪಿಎಸ್‌ಜಿ 32643 ಎಂಬ ನಿರ್ದೇಶಾಂಕ ವ್ಯವಸ್ಥೆಯಲ್ಲಿ ಉಳಿಸಿ. ಬೆಂಗಳೂರಿಗೆ ಮೀಟರಿನ ಅಳತೆ ಸಿಗುವುದು ಇದರಲ್ಲಿ. ಮರೆತರೆ, ಮುಂದೆ ಬಫರ್‌ಗೆ (ಗೆರೆಯ ಸುತ್ತ ಬರುವ ಪಟ್ಟಿಗೆ) ಹಾಕುವ 25 ಮೀಟರ್ 25 ಡಿಗ್ರಿ ಆಗಿಬಿಡುತ್ತದೆ. ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರು!

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬನ್ನಿ: ರಸ್ತೆಗಳನ್ನು ಸರಿಮಾಡುವುದು. ಬಂದದ್ದನ್ನು ಹಾಗೇ ನಂಬಬೇಡಿ. ಲಾಲ್‌ಬಾಗಿನ ಒಳದಾರಿಗಳೂ ಇದರಲ್ಲಿ ಇರುತ್ತವೆ. ಸಾಫ್ಟ್‌ವೇರ್ ಅವುಗಳ ಮೇಲೂ ಜನರನ್ನು ನಡೆಸುತ್ತದೆ. ಆದರೆ ಹಗಲಲ್ಲಿ ಟಿಕೆಟ್ ಬೇಕು, ಸಂಜೆ ಗೇಟು ಮುಚ್ಚುತ್ತದೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಇಳಿಯುವವರಿಗೆ ಅದು ದಾರಿಯೇ ಅಲ್ಲ. ಅವನ್ನು ಅಳಿಸಿ. ನಕ್ಷೆಯಲ್ಲಿ ಇಲ್ಲದ ಗಲ್ಲಿಯನ್ನು ನೀವೇ ಎಳೆಯುವಾಗ ಆಯಸ್ಕಾಂತದ ಚಿತ್ರವಿರುವ ಸ್ನ್ಯಾಪಿಂಗ್ ಗುಂಡಿ ಒತ್ತಿರಲೇಬೇಕು. ಇಲ್ಲದಿದ್ದರೆ ದೂರದಿಂದ ಕೂಡಿದಂತೆ ಕಾಣುವ ಎರಡು ಗೆರೆಗಳ ನಡುವೆ, ಹತ್ತಿರ ಹೋಗಿ ನೋಡಿದರೆ, ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಅಷ್ಟಕ್ಕೇ ನಡಿಗೆ ಅಲ್ಲಿ ನಿಂತುಹೋಗುತ್ತದೆ. ಇನ್ನೊಂದು: ನಡಿಗೆ ಶುರುವಾಗುವ ಚುಕ್ಕಿಯನ್ನು ಪ್ಲಾಟ್‌ಫಾರ್ಮ್ ಮಧ್ಯೆ ಇಡಬೇಡಿ, ಜನ ಹತ್ತಿ ಇಳಿಯುವ ನಿಲ್ದಾಣದ ಪ್ರತಿ ಗೇಟಿನ ಬಳಿ ಇಡಿ.

ಆಮೇಲೆ ಸುಲಭ. ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ‘ಸರ್ವಿಸ್ ಏರಿಯಾ’ ತೆರೆದು ದೂರಕ್ಕೆ 800 ಕೊಡಿ. ಒನ್‌ವೇ ಆಯ್ಕೆ ಖಾಲಿ ಬಿಡಿ, ನಡೆಯುವವರಿಗೆ ಒನ್‌ವೇ ಇಲ್ಲ. ಚುಕ್ಕಿಗಳಿಂದ ಅಷ್ಟು ದೂರದೊಳಗಿನ ರಸ್ತೆಗಳು ಗೆರೆಗಳಾಗಿ ಬರುತ್ತವೆ. ಅವಕ್ಕೆ 25 ಮೀಟರ್ ಬಫರ್ ಹಾಕಿ ಡಿಸಾಲ್ವ್ ಮಾಡಿ, ಅಂದರೆ ಪಟ್ಟಿಗಳನ್ನೆಲ್ಲ ಒಂದಾಗಿ ಕೂಡಿಸಿ. ಎಲ್ಲದರ ಸುತ್ತ ದಾರ ಬಿಗಿದಂತೆ ಒಂದೇ ಗಡಿ ಎಳೆಯುವ ಕಾನ್ವೆಕ್ಸ್ ಹಲ್ ಮಾತ್ರ ಬೇಡ, ಅದು ತೋಟವನ್ನೂ ಮತ್ತೆ ನುಂಗಿಬಿಡುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಮುಗಿಸುವ ಒಆರ್‌ಎಸ್ ಟೂಲ್ಸ್ ಪ್ಲಗಿನ್ ಕೂಡ ಇದೆ. ನಾನು ಸುಮ್ನೆ ಹೋಲಿಸಿ ನೋಡಲು ಬಳಸುತ್ತೇನೆ, ಅಷ್ಟೇ. ನೀವು ಸರಿಮಾಡಿದ ರಸ್ತೆ ಅದಕ್ಕೆ ಗೊತ್ತಿರುವುದಿಲ್ಲ.

ಕೊನೆಗೆ ನಕ್ಷೆ ಪ್ರಿಂಟ್ ತೆಗೆದು, ಅಂಚಿನ ಒಂದು ಮನೆಯಿಂದ ನಿಲ್ದಾಣದ ಗೇಟಿನವರೆಗೆ ಗಡಿಯಾರ ನೋಡಿಕೊಂಡು ನಡೆಯಿರಿ. ರಸ್ತೆ ದಾಟಲು ಕಾಯುವ ಹೊತ್ತು ಈ ಲೆಕ್ಕದಲ್ಲಿ ಇಲ್ಲ. ನನಗೆ ಅಲ್ಲೇ ಎರಡು ನಿಮಿಷ ಹೋಯಿತು. ವಯಸ್ಸಾದವರಿಗಾಗಿ ಮಾಡುವ ನಕ್ಷೆಗೆ 400 ಮೀಟರನ್ನೇ ಹಾಕಿ.