ಇಲಿ ಕ್ರಾಸಿಂಗ್: ದೂರದ ಸಂಬಂಧ ಕೈಕೊಟ್ಟಿತು, ಪಕ್ಕದ್ದು ಕೈ ಹಿಡಿಯಿತು

ಎರಡು ತಳಿ ಬೆರೆಸಿದ ಇಲಿಗಳ ಎರಡನೇ ಪೀಳಿಗೆಯ (ಎಫ್2) ಮರಿಗಳು ರಾಶಿ ಬೇಕಿದ್ದವು. ಬಿ6 ತಳಿಯ ಹೆಣ್ಣಿಗೆ ಡಿಬಿಎ/2 ತಳಿಯ ಗಂಡು ಹಾಕೋಣ ಅಂದೆ. ಲ್ಯಾಬಿನಲ್ಲಿ ಎಲ್ಲರೂ ನಕ್ಕರು. "ಎರಡೂ ಹಳೇ ಲ್ಯಾಬ್ ತಳಿ, ಅದರಲ್ಲಿ ಬೆರಕೆಯ ಹುರುಪು ಏನು ಬರುತ್ತೆ? ದೂರದ್ದು ಹಾಕಿ." ಸರಿ ಅಂತ ಪಿಡಬ್ಲ್ಯೂಡಿ ಅನ್ನೋ ತಳಿ ತರಿಸಿದೆವು. ಅದು ಮನೆ ಇಲಿಯ ಮಸ್ಕುಲಸ್ ಉಪಜಾತಿ. ಬಿ6 ಬಹುಪಾಲು ಡೊಮೆಸ್ಟಿಕಸ್ ಉಪಜಾತಿ. ಎರಡೂ ಬೇರೆಯಾಗಿ ಲಕ್ಷಾಂತರ ವರ್ಷ ಆಗಿದೆ.

ಪಿಡಬ್ಲ್ಯೂಡಿ ತಾಯಿ, ಬಿ6 ತಂದೆ. ಮೊದಲ ಪೀಳಿಗೆಯ (ಎಫ್1) ಗಂಡುಗಳು ದಷ್ಟಪುಷ್ಟವಾಗಿದ್ದವು, ಕೂದಲು ಮಿರಿಮಿರಿ. ಬೆಳಿಗ್ಗೆ ನೋಡಿದರೆ ಹೆಣ್ಣುಗಳಲ್ಲಿ ಪ್ಲಗ್ (ಕೂಡಿದ್ದಕ್ಕೆ ಗುರುತಾಗಿ ಯೋನಿಯಲ್ಲಿ ಉಳಿಯುವ ಗಟ್ಟಿ ಬೆಣೆ) ಇದ್ದೇ ಇರುತ್ತಿತ್ತು. ಆದರೆ ಹೊಟ್ಟೆ ದಪ್ಪ ಆಗುತ್ತಿರಲಿಲ್ಲ. ಹತ್ತು ಹನ್ನೊಂದು ದಿನ ಬಿಟ್ಟು ಅದೇ ಹೆಣ್ಣಲ್ಲಿ ಮತ್ತೆ ಪ್ಲಗ್! ಸುಳ್ಳು ಬಸಿರು, ಅಷ್ಟೇ. ಒಂದು ಗಂಡನ್ನು ಕೊಯ್ದು ನೋಡಿದೆ. ವೃಷಣ ಮಾಮೂಲಿನ ಮೂರನೇ ಒಂದು ಭಾಗದಷ್ಟು, ವೀರ್ಯಾಣು ಒಂದೂ ಇಲ್ಲ. ಇಂಥ ದೂರದ ಬೆರಕೆಯ ಗಂಡುಗಳನ್ನು ಬಂಜೆ ಮಾಡುವ ಪಿಆರ್‌ಡಿಎಂ9 ಜೀನಿನ ಕಥೆ ಓದಿದ್ದೆ, ನಮ್ಮ ಕೇಜಿಗೇ ಬರುತ್ತೆ ಅಂದುಕೊಂಡಿರಲಿಲ್ಲ. ತಾಯಿ-ತಂದೆ ಅದಲುಬದಲು ಮಾಡಿದ್ದರೆ ಸ್ವಲ್ಪವಾದರೂ ಮರಿ ಸಿಗುತ್ತಿತ್ತೇನೋ. ಅಷ್ಟರಲ್ಲಿ ಏಳೆಂಟು ತಿಂಗಳು, ವರ್ಷದ ಕೇಜ್ ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗಿತ್ತು.

ಆಮೇಲೆ ನನ್ನ ಮಾತು ನಡೆಯಿತು. ಬಿ6 ಹೆಣ್ಣು, ಡಿಬಿಎ ಗಂಡು. ಮೊದಲ ಸೂಲಿಗೆ ಆರೇ ಮರಿ. "ನೋಡಿದ್ಯಾ?" ಅಂದರು. ಅಲ್ಲೇ ಎಲ್ಲರೂ ಎಡವೋದು. ಹೆತ್ತವಳು ಇನ್ನೂ ಇನ್‌ಬ್ರೆಡ್ (ಒಳಸಂಬಂಧದಲ್ಲೇ ಬೆಳೆಸಿದ ತಳಿ) ಅಲ್ವಾ? ಮರಿ ಹೈಬ್ರಿಡ್ ಆದರೆ ಮರಿ ಗಟ್ಟಿ, ಬೇಗ ಬೆಳೆಯುತ್ತೆ. ಸೂಲಿನ ಗಾತ್ರ ಏರಬೇಕಾದರೆ ತಾಯಿಯೇ ಹೈಬ್ರಿಡ್ ಆಗಿರಬೇಕು. ಎಫ್1 ಅಣ್ಣತಂಗಿಯರನ್ನು ಜೋಡಿ ಮಾಡಿದ ಮೇಲೆ ಒಂಬತ್ತು, ಹತ್ತು, ಒಮ್ಮೆ ಹದಿಮೂರು. 21ನೇ ದಿನ ಹಾಲು ಬಿಡಿಸುವಾಗ ನೂರಕ್ಕೆ ಐದೋ ಆರೋ ಸತ್ತಿರಬಹುದು, ಅಷ್ಟೆ.

ಸುಮ್ನೆ ಕುತೂಹಲಕ್ಕೆ ಬಿ6ನದೇ ಎರಡು ಉಪತಳಿ, ಬಿ6ಜೆ ಮತ್ತು ಬಿ6ಎನ್, ಕೂಡ ಕ್ರಾಸ್ ಮಾಡಿದೆ. ನಾಲ್ಕು ಕೇಜ್ ದಂಡ. ಮನೆಯೊಳಗಿನ ಸಂಬಂಧ, ಹುರುಪು ಎಲ್ಲಿಂದ ಬರಬೇಕು?

ಜೋಡಿ ಮಾಡುವ ಮೂರು ದಿನ ಮೊದಲು ಗಂಡಿನ ಕೇಜಿನ ಬೆಡ್ಡಿಂಗ್ ಹೆಣ್ಣುಗಳಿಗೆ ಹಾಕುತ್ತಿದ್ದೆ, ಸುಮಾರು ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುತ್ತವೆ. ಪಿಡಬ್ಲ್ಯೂಡಿ ತಾಯಂದಿರು ಮರಿ ತಿನ್ನದಂತೆ ಮಾಡಲು ಇನ್ನೊಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ಉಳಿದ ಪಿಡಬ್ಲ್ಯೂಡಿ ಎಫ್1 ಹೆಣ್ಣುಗಳನ್ನು ಬಿಸಾಡಲಿಲ್ಲ, ಅವಕ್ಕೆ ಫಲವಂತಿಕೆ ಇದೆ. ಬಿ6 ಗಂಡಿಗೆ ಬ್ಯಾಕ್‌ಕ್ರಾಸ್ (ತಂದೆಯ ತಳಿಗೇ ಮತ್ತೆ ಜೋಡಿ) ಹಾಕಿದ್ದೇನೆ, ಎರಡು ಈಗ ಬಸಿರು.