ಪ್ರಶ್ನಾವಳಿ ಕಟ್ಟಿಟ್ಟು ಹಾಡಿನ ಪುಸ್ತಕ ಹಿಡಿದೆ

"ಹಾಡಿನ ಪುಸ್ತಕ ಇಟ್ಕೊಂಡು ಸಮಾಜಶಾಸ್ತ್ರ ಆಗುತ್ತೇನಮ್ಮ?" ಅಂತ ನಮ್ಮ ವಿಭಾಗದ ಹಿರಿಯರೊಬ್ಬರು ನನ್ನ ಸಂಶೋಧನಾ ಪ್ರಬಂಧದ ಸಾರಾಂಶ (ಸಿನಾಪ್ಸಿಸ್) ಮಂಡಿಸಿದ ದಿನ ಎಲ್ಲರೆದುರು ಕೇಳಿದ್ದರು. ಹೋದ ತಿಂಗಳು ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಆಯಿತು. ಅದೇ ಮಹಾನುಭಾವರು ಕಾರಿಡಾರಿನಲ್ಲಿ ತಡೆದು, "ಆ ಪುಟಗಳ ಫೋಟೊ ಒಂದೆರಡು ಕಳಿಸ್ತೀಯಾ?" ಅಂದರು. ಅದಕ್ಕೇ ಇದನ್ನು ಬರೆಯುವ ಹುಮ್ಮಸ್ಸು.

ದಲಿತ ಸಂಘರ್ಷ ಸಮಿತಿಯ ಹಳ್ಳಿ ಮಟ್ಟದ ಹಳೇ ಕಾರ್ಯಕರ್ತರು ಸರಿ-ತಪ್ಪುಗಳನ್ನು ಹೇಗೆ ತೀರ್ಮಾನಿಸಿಕೊಳ್ಳುತ್ತಿದ್ದರು ಅನ್ನುವುದು ನನ್ನ ವಿಷಯ. 1973ರ ಬೂಸಾ ಪ್ರಕರಣ (ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಸಚಿವ ಬಸವಲಿಂಗಪ್ಪನವರು ಅಂದದ್ದಕ್ಕೆ ಎದ್ದ ಗಲಾಟೆ), ಅವರ ರಾಜೀನಾಮೆ, ಭದ್ರಾವತಿಯ ಬಿ. ಕೃಷ್ಣಪ್ಪನವರು ಈ ಸಂಘಟನೆ ಕಟ್ಟಿದ್ದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನನಗೆ ಬೇಕಾಗಿದ್ದವರು ಜಾಥಾದಲ್ಲಿ ತಮಟೆ ಹೊತ್ತವರು, ರಾತ್ರಿ ಗೋಡೆಬರಹ ಬರೆದವರು.

ಮೊದಲ ವರ್ಷ ಪೂರ್ತಿ ಹಾಳು. 48 ಪ್ರಶ್ನೆಗಳ ಪ್ರಶ್ನಾವಳಿ ಹಂಚಿದೆ. ಎಲ್ಲರೂ ಎಲ್ಲದಕ್ಕೂ "ಸಂಪೂರ್ಣ ಒಪ್ಪುತ್ತೇನೆ"! ಜೆರಾಕ್ಸು, ಓಡಾಟ, ಇಬ್ಬರು ಹುಡುಗರ ಸಂಬಳ ಸೇರಿ 35 ಸಾವಿರದಷ್ಟು ಹೋಯಿತು, ಅದೂ ಚೀಟಿ ಎತ್ತಿದ ದುಡ್ಡು. ರೆಕಾರ್ಡರ್ ಆನ್ ಮಾಡಿದರೆ ಮಾತು ಹೋಗಿ ಭಾಷಣ ಶುರುವಾಗುತ್ತಿತ್ತು. ಗುಂಪು ಚರ್ಚೆ ಮಾಡೋಣ ಅಂತ ಸಮಿತಿಯ ಎರಡು ಬಣದವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದು ನನ್ನ ದಡ್ಡತನ. ಜಗಳ ಅವರದು, ಬೋಂಡಾ ಬಿಲ್ಲು ನನ್ನದು. ಒಪ್ಪಿಗೆ ಪತ್ರ ಮುಂದಿಟ್ಟಾಗ ಒಬ್ಬ ಅಜ್ಜ, "ಹೆಬ್ಬೆಟ್ಟು ಒತ್ತಿಸ್ಕೊಂಡೇ ನಮ್ ಜಮೀನು ತಿಂದ್ರು. ಈಗ ನೀವೂ ಕಾಗ್ದ ತಂದ್ರಾ?" ಅಂದರು. ಅವತ್ತಿನಿಂದ ಬಾಯಿಮಾತಿನ ಒಪ್ಪಿಗೆಯೇ. ಅದನ್ನು ಎಥಿಕ್ಸ್ ಕಮಿಟಿಗೆ ಒಪ್ಪಿಸಲು ಆರು ತಿಂಗಳು ಹಿಡಿಯಿತು.

ದಾರಿ ಸಿಕ್ಕಿದ್ದು ಆಕಸ್ಮಿಕ. ಕೋಲಾರದ ಕಡೆ ಒಂದೂರಲ್ಲಿ ಬಸ್ಸು ತಪ್ಪಿ ಕೂತಿದ್ದೆ. ಹೊತ್ತು ಹೋಗಲಿ ಅಂತ ಆ ಮನೆಯಣ್ಣ ಟ್ರಂಕು ತೆಗೆದು 200 ಪುಟದ ನೋಟ್‌ಬುಕ್ ಕೊಟ್ಟರು. ಹೋರಾಟದ ಹಾಡುಗಳು. ರಟ್ಟು ಜಿಡ್ಡು ಹಿಡಿದಿತ್ತು, ನಡುವೆ ಹಳೇ ಬಸ್ ಟಿಕೆಟ್ಟು. ಒಂದು ಪುಟದ ತಲೆಯಲ್ಲಿ "ಹೆಂಡ ಬೇಡ, ವಸತಿ ಶಾಲೆ ಬೇಕು" ಘೋಷಣೆ, ಅದರ ಅಂಚಿನಲ್ಲೇ ಪೆನ್ಸಿಲ್ ಲೆಕ್ಕ: ಕೆಮ್ಮಣ್ಣು 2, ಸೀಮೆಎಣ್ಣೆ 3, ಸಾರಾಯಿ 4. ನಾನು ಬೆರಳಿಟ್ಟು ತೋರಿಸಿದೆ. "ಅದು ಗೋಡೆ ಬರಿಯೋನಿಗೆ ಮೇಡಂ. ಕುಡೀದೆ ಬ್ರಷ್ ಮುಟ್ತಿರ್ಲಿಲ್ಲ ಬಡ್ಡಿಮಗ," ಅಂತ ನಕ್ಕರು.

ಇನ್ನೊಂದು ಪುಟದಲ್ಲಿ ತಮಟೆ ಹೊಗಳುವ ಒಂದು ಚರಣವನ್ನು ಹಾಳೆ ಹರಿಯುವಷ್ಟು ಗೀಚಿ ಹಾಕಿತ್ತು. ಯಾಕಣ್ಣಾ ಅಂದೆ. ಉತ್ತರವಿಲ್ಲ. ಒಳಗಿನಿಂದ ಅಕ್ಕ ಹೇಳಿದರು: "ಸಾವಿಗೆ ತಮಟೆ ಬಡಿಯಲ್ಲ ಅಂತ ಗೌಡ್ರಿಗೆ ಹೇಳ್ ಬಂದ್ರು. ಮೂರು ತಿಂಗಳು ಕೂಲಿಗೆ ಕರೀಲಿಲ್ಲ. ಮಕ್ಕಳಿಗೆ ಗಂಜಿ ಕಾಯ್ಸಿದ್ದು ನಾನು." ಬಿಟ್ಟಿಚಾಕರಿಯ ತಮಟೆ ಬಿಟ್ಟವರು ವೇದಿಕೆಯ ತಮಟೆ ಹಿಡಿಯಬಹುದೇ ಅನ್ನುವ ಜಗಳ ಆ ಗೀಚಿನಲ್ಲಿತ್ತು. ನನ್ನ ಮೂರನೇ ಅಧ್ಯಾಯ ಪೂರ್ತಿ ಅದೇ.

ಆಮೇಲೆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಪುಟ ತಿರುಗಿಸುವುದು, ಹೊಡೆದು ಹಾಕಿದ ಜಾಗದಲ್ಲಿ ನಿಲ್ಲುವುದು, ಸುಮ್ಮನಿರುವುದು. ಎರಡೂವರೆ ವರ್ಷದಲ್ಲಿ ಸುಮಾರು 60 ಪುಸ್ತಕ ನೋಡಿದೆ, 22 ನಿಜಕ್ಕೂ ಕೆಲಸಕ್ಕೆ ಬಂದವು. ಯಾವ ಪುಟದಿಂದ ಶುರು ಮಾಡಬೇಕು ಅನ್ನುವುದರಲ್ಲಿ ಒಂದು ಕೈಚಳಕವಿದೆ. ನನ್ನ ಲೇಖನ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ. ಒಂದು ಮಾತು ಮಾತ್ರ ಹೇಳ್ತೀನಿ: ನೀವೂ ಹೀಗೆ ಮನೆ ಮನೆಗೆ ಹೋದಾಗ "ಯಾವೂರು ನಿಮ್ದು?" ಅಂದರೆ ಊರಿನ ಹೆಸರು ಹೇಳಿ ನುಣುಚಿಕೊಳ್ಳಬೇಡಿ. ಕೇಳುತ್ತಿರುವುದು ಜಾತಿ. ನೇರ ಹೇಳಿ.

ನಡುವೆ ಬರೀ ಧಾಟಿ ಗುನುಗಿ ನೆನಪು ಕೆದಕುವ ಪ್ರಯೋಗವನ್ನೂ ಮಾಡಿದೆ. ನನ್ನ ಶ್ರುತಿಗೆ ಎಲ್ಲರೂ ನಕ್ಕರಷ್ಟೆ. ಕಾರ್ಯಕರ್ತರ ಹೆಂಡತಿಯರಿಗೆ ಅದೇ ಪುಟವನ್ನು ಪ್ರತ್ಯೇಕವಾಗಿ ತೋರಿಸಿದ್ದು ಫಲ ಕೊಟ್ಟಿತು. ದಿನಾಂಕ, ಸಾಲ, ಯಾರು ಬಂದು ಉಂಡರು, ಎಲ್ಲ ಅವರಿಗೇ ನೆನಪು.

ನೋಡಿದ ಪ್ರತಿ ಪುಸ್ತಕವನ್ನೂ ಸ್ಕ್ಯಾನ್ ಮಾಡಿ, ಬೈಂಡ್ ಹಾಕಿಸಿ ಒಂದು ಪ್ರತಿ ಮನೆಗೆ ಕೊಟ್ಟೆ. ಒಂದಕ್ಕೆ 180 ರೂಪಾಯಿ ಬಿತ್ತು. ಇದನ್ನು ಯಾವ ಗ್ರಾಂಟೂ ಕೊಡಲಿಲ್ಲ, ಆದರೆ ಮುಂದಿನ ಮನೆಯ ಬಾಗಿಲು ತೆರೆಸಿದ್ದು ಇದೇ. ಹೊಸಕೋಟೆ ಕಡೆ ಇನ್ನೆರಡು ಟ್ರಂಕ್ ಬಾಕಿ ಇವೆ. ಒಂದಕ್ಕೆ ಗೆದ್ದಲು ಹತ್ತಿದೆಯಂತೆ, ಭಾನುವಾರವೇ ಹೋಗಬೇಕು.