ಡಿಗ್ರಿ ಮುಗಿಯಿತು, ಟೈಮ್‌ಟೇಬಲ್ಲೂ ಮುಗಿಯಿತು

ಡಿಗ್ರಿ ಮುಗಿದ ಮೇಲೆ ಹತ್ತಿರಹತ್ತಿರ ಒಂದು ವರ್ಷ ನಾನು ನಿಂತಲ್ಲೇ ನಿಂತಿದ್ದೆ. "ನಿನಗೇನು ಇಷ್ಟ ಅಂತ ಮೊದಲು ಗೊತ್ತುಮಾಡ್ಕೋ" ಅನ್ನುವ ಸಲಹೆ ಬೇಡವೆಂದರೂ ಸಿಗುತ್ತಿತ್ತು. ಅದರಿಂದ ನಯಾಪೈಸೆ ಉಪಯೋಗವಾಗಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಎದ್ದು, ಹಾಸಿಗೆಯಲ್ಲೇ ಫೋನ್ ಹಿಡಿದುಕೊಂಡು ಜೀವನದ ಗುರಿ ಹುಡುಕುವುದು ಆಗಹೋಗದ ಮಾತು.

ಈಗ ಯೋಚಿಸಿದರೆ ನನಗೆ ಕೊರತೆಯಾಗಿದ್ದು ದಿನಚರಿ. ಒಂದನೇ ಕ್ಲಾಸಿನಿಂದ ಕೊನೆಯ ಸೆಮಿಸ್ಟರ್‌ವರೆಗೆ ಎಷ್ಟು ಹೊತ್ತಿಗೆ ಏಳಬೇಕು, ಯಾರ ಪಕ್ಕ ಕೂರಬೇಕು, ಯಾವ ತಾರೀಖಿನೊಳಗೆ ಏನು ಮುಗಿಸಬೇಕು ಅಂತ ಬೇರೆ ಯಾರೋ ತೀರ್ಮಾನಿಸುತ್ತಿದ್ದರು. ಬೈದುಕೊಂಡೇ ಪಾಲಿಸುತ್ತಿದ್ದೆವು. ಕೊನೆಯ ಪರೀಕ್ಷೆಯ ಮರುದಿನ ಅದಷ್ಟೂ ಒಂದೇ ಏಟಿಗೆ ಹೋಯಿತು.

ಇದು ಬರೀ ಸೋಮಾರಿತನ ಅಲ್ಲ ಅಂತ ಧೈರ್ಯ ಬಂದದ್ದು ಒಂದು ಹಳೆಯ ಅಧ್ಯಯನದ ವಿವರ ಓದಿದಾಗ. ಆಸ್ಟ್ರಿಯಾದ ಮರೀನ್‌ಥಾಲ್‌ನಲ್ಲಿ ಬಟ್ಟೆ ಗಿರಣಿ ಮುಚ್ಚಿ ಬಹುಪಾಲು ಊರೇ ಕೆಲಸ ಕಳೆದುಕೊಂಡಿತ್ತು. ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನರ ದಿನ ಹೇಗೆ ಸಾಗುತ್ತದೆಂದು ಗಮನಿಸಿ 1933ರಲ್ಲಿ ಪ್ರಕಟಿಸಿದರು. ಜನರಿಗೆ ಬಿಡುವು ಧಾರಾಳವಾಗಿತ್ತು, ಊರಿನ ಗ್ರಂಥಾಲಯ ಶುಲ್ಕವನ್ನೂ ತೆಗೆದುಹಾಕಿತ್ತು. ಆದರೂ 1929ರಿಂದ 1931ರ ಹೊತ್ತಿಗೆ ಪುಸ್ತಕ ಎರವಲು ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡಸರು ರಸ್ತೆಯಲ್ಲಿ ನಡೆಯುವುದೇ ನಿಧಾನವಾಗಿತ್ತು. ಸಂಬಳದ ಜೊತೆಗೆ ಕೆಲಸ ಇನ್ನೂ ಏನೇನು ಕೊಡುತ್ತದೆ ಅಂತ ಯಹೋಡಾ ಮುಂದೆ ವಿವರಿಸಿದರು: ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ಒಡನಾಟ, ಹತ್ತು ಜನ ಸೇರಿ ಮಾಡುವ ಉದ್ದೇಶ, ಒಂದು ಸ್ಥಾನಮಾನ, ಕೈಗೆ ಸದಾ ಏನಾದರೊಂದು. ಕಾಲೇಜು ಇದೆಲ್ಲವನ್ನೂ ಸುಮ್ಮನೆ ಕೊಟ್ಟಿತ್ತಲ್ಲ ಅನ್ನಿಸಿತು. ಸರಿ, ಗುರಿಯನ್ನು ಪಕ್ಕಕ್ಕಿಟ್ಟು ಮೊದಲು ಇವನ್ನೇ ಒಂದೊಂದಾಗಿ ಕಟ್ಟಿಕೊಳ್ಳೋಣ ಅಂದುಕೊಂಡೆ.

ಏಳುವ ಹೊತ್ತು ಗಟ್ಟಿಮಾಡಿದೆ. ಮಲಗುವ ಹೊತ್ತಿನ ಗೊಡವೆಗೆ ಹೋಗಲಿಲ್ಲ. ನಿದ್ದೆ ನಮ್ಮ ಮಾತು ಕೇಳುವುದಿಲ್ಲ, ಅಲಾರಾಂ ಕೇಳುತ್ತದೆ. ಎದ್ದ ಕೂಡಲೇ ಹೊರಗೆ ನಡೆಯಲು ಹೋಗುತ್ತಿದ್ದೆ. ಬೆಳಗಿನ ಬೆಳಕು ಬಿದ್ದರೆ ದೇಹದ ಗಡಿಯಾರ ಮುಂಚಿನ ಹೊತ್ತಿಗೆ ಸರಿದು ರಾತ್ರಿ ನಿದ್ದೆ ಬೇಗ ಹತ್ತುತ್ತದೆ. ಕೆಲವೇ ವಾರಗಳಲ್ಲಿ ಅದೂ ದಾರಿಗೆ ಬಂತು.

ಕಷ್ಟವಾಗಿದ್ದು ಸಂಜೆ. ಆನ್‌ಲೈನ್ ಕೋರ್ಸುಗಳನ್ನು ಶುರುಮಾಡಿ ಎರಡನೇ ವಿಡಿಯೋಗೇ ಕೈಬಿಡುತ್ತಿದ್ದೆ, ಯಾಕೆಂದರೆ ಬಿಟ್ಟರೆ ಕೇಳುವವರಿರಲಿಲ್ಲ. ಕೊನೆಗೆ ಶಾಲೆಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವ ಕೆಲಸ ಒಪ್ಪಿಕೊಂಡೆ, ಸಂಬಳವಿಲ್ಲದೆ. ನನ್ನ ಶಿಸ್ತಿನ ಮೇಲೆ ನನಗೆ ನಂಬಿಕೆ ಕಡಿಮೆ. ಭಿನ್ನರಾಶಿ ಅರ್ಥವಾಗದೆ ಪೆನ್ಸಿಲ್ ಕಚ್ಚುತ್ತಾ ಕೂತ ಹುಡುಗಿಯೊಬ್ಬಳು ಕಾಯುತ್ತಿದ್ದಾಳೆ ಅಂದರೆ ಮಾತ್ರ ಕಾಲು ತಾನಾಗಿ ಹೊರಡುತ್ತದೆ.

ಉದ್ಯೋಗದ ಜಾಲತಾಣಗಳಿಗೆ ಬೆಳಿಗ್ಗೆ ಒಂದೇ ಗಂಟೆ. ಆಮೇಲೆ ಮುಚ್ಚಿಬಿಡುತ್ತಿದ್ದೆ. ದಿನವಿಡೀ ತೆರೆದಿಟ್ಟುಕೊಂಡರೆ ಅರ್ಜಿಗಳೇನೂ ಹೆಚ್ಚಾಗುವುದಿಲ್ಲ, ಬೇಜಾರು ಹೆಚ್ಚಾಗುತ್ತದೆ.

ನಿಜವಾದ ತಿರುವು ಸಿಕ್ಕಿದ್ದು ಪರಿಚಯದವರಿಂದ, ಅದೂ ದೂರದ ಪರಿಚಯ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ, ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದ ಲೆಕ್ಕ ಕೊಟ್ಟಿದ್ದಾರೆ. ಸುಳಿವು ಕೊಟ್ಟವರನ್ನು ಪದೇಪದೇ ಭೇಟಿಯಾಗುತ್ತಿದ್ದೆವು ಅಂದವರು ಶೇ 17ಕ್ಕೂ ಕಡಿಮೆ. ಉಳಿದವರಿಗೆಲ್ಲ ಅದು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುವವರಿಂದ ಬಂದದ್ದು. ನಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಆಚೆಯಿಂದಲೇ ಬರಬೇಕು. ಹಾಗಾಗಿ ಮಾತೇ ಆಡದ ಸೀನಿಯರ್‌ಗಳಿಗೆ ಬರೆಯತೊಡಗಿದೆ. ಕೆಲಸ ಕೊಡಿಸಿ ಅಂತ ಅಲ್ಲ. "ನಮಸ್ತೆ, ನಾನು ನಿಮ್ಮ ಜೂನಿಯರ್. ಒಂದೇ ಪ್ರಶ್ನೆ. ಬೆಳಿಗ್ಗೆ ಆಫೀಸಿಗೆ ಬಂದ ಮೊದಲ ಒಂದು ಗಂಟೆ ನೀವು ನಿಜವಾಗಿ ಏನು ಮಾಡ್ತೀರಿ?" ಅಂತ. ಬಹಳ ಜನ ಉತ್ತರಿಸಲಿಲ್ಲ. ಒಬ್ಬರು ಬರೆದರು: "ನಿನ್ನೆಯ ಎರಡು ಪಟ್ಟಿ ತಾಳೆಯಾಗಿರಲ್ಲ. ಯಾವ ಸಾಲಿನಲ್ಲಿ ತಪ್ಪಿದೆ ಅಂತ ಹುಡುಕ್ತೀನಿ." ಓದಿ ನಗು ಬಂತು. ಇದನ್ನು ನಾನೂ ಮಾಡಬಲ್ಲೆ, ಬೇಸರವಿಲ್ಲದೆ ಮಾಡಬಲ್ಲೆ ಅನ್ನಿಸಿತು. 'ಡೇಟಾ ಅನಲಿಸ್ಟ್' ಅನ್ನುವ ಅವರ ಹುದ್ದೆಯ ಹೆಸರು ಅಷ್ಟು ದಿನ ನನಗೆ ಏನನ್ನೂ ಹೇಳಿರಲಿಲ್ಲ. ಮುಂದೆ ಅವರೇ ಒಂದು ತಾತ್ಕಾಲಿಕ ಕೆಲಸದ ಸುದ್ದಿ ಕೊಟ್ಟರು.

ನಡುವೆ ಒಂದು ಮಾತು. ನಾನು ಹೇಳುತ್ತಿರುವುದು ಸಿಕ್ಕಿಹಾಕಿಕೊಂಡ ಭಾವನೆಯ ಬಗ್ಗೆ. ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಇಷ್ಟದ ವಿಷಯಗಳೂ ಸಪ್ಪೆಯಾಗಿ, ಊಟ ನಿದ್ದೆ ಕೆಟ್ಟಿದ್ದರೆ ಅಲಾರಾಂ ಸಾಲದು, ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರವೂ ಕಾಯಬೇಡಿ.

ಇನ್ನು "ಮುಂದೇನಪ್ಪಾ?" ಅನ್ನುವ ನೆಂಟರು. ಅವರಿಗಾಗಿ ಒಂದು ಉತ್ತರ ಸಿದ್ಧ ಇಟ್ಟುಕೊಂಡಿದ್ದೆ: "ಡೇಟಾ ಕೆಲಸ ಕಲೀತಿದ್ದೀನಿ, ನಿಮಗೆ ಆ ಕಡೆ ಯಾರಾದ್ರೂ ಗೊತ್ತಾ?" ಅರ್ಧ ಜನ ಅಲ್ಲಿಗೇ ಮಾತು ಬದಲಿಸುತ್ತಿದ್ದರು. ಉಳಿದರ್ಧ ಜನ ಫೋನ್ ತೆಗೆದು ನಂಬರು ಹುಡುಕುತ್ತಿದ್ದರು.